ಲೀಲಾಳ ತಲೆನೋವು, ನನ್ನ ಮಜ್ಜಿಗೆ

ಹೋದ ತಿಂಗಳು ಕುವೆಂಪುನಗರದಲ್ಲಿರುವ ಮೊಮ್ಮಗನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವನು ತುಟಿಯ ಮೇಲೆ ಬೆರಳಿಟ್ಟುಕೊಂಡು, "ಮೆಲ್ಲಗೆ ಅಜ್ಜಿ, ಅಶ್ವಿನಿಗೆ ತಲೆನೋವು" ಎಂದ. ಅಶ್ವಿನಿ ಅವನ ಹೆಂಡತಿ. ರೂಮಿನ ಪರದೆ ಎಳೆದಿತ್ತು. ಟೀವಿಯ ಬಾಯಿ ಮುಚ್ಚಿಸಿದ್ದರು. ಗಂಡನಾದವನು ತಾನೇ ಕಾಫಿ ಬೆರೆಸಿ ತಂದು ಮಂಚದ ಪಕ್ಕ ಇಟ್ಟು, ಬೆಕ್ಕಿನ ಹಾಗೆ ಹೆಜ್ಜೆ ಹಾಕುತ್ತ ಹೊರಗೆ ಬಂದ. ಅವನ ಹಿಂದೆಯೇ ಮುಲಾಮಿನ ವಾಸನೆಯೂ ಬಂತು. ಹೊಟ್ಟೆಯೊಳಗೆ ಹಳೆಯ ಕೆಂಡವೊಂದು ಕಣ್ಣು ಬಿಟ್ಟಿತು.

ತಲೆನೋವು ಬಂದವರನ್ನು ಕಂಡರೆ ಬೇರೆಯವರಿಗೆ ಅಯ್ಯೋ ಪಾಪ ಅನಿಸಬಹುದು. ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಮುಚ್ಚಿಟ್ಟುಕೊಂಡು ಈ ವಯಸ್ಸಿನಲ್ಲಿ ನಾನು ಯಾರ ಹತ್ತಿರ ಸನ್ಮಾನ ಮಾಡಿಸಿಕೊಳ್ಳಬೇಕಾಗಿದೆ? ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಪೇಪರು ಓದಿ ಓದಿ ಅಕ್ಷರ ಗಟ್ಟಿಯಾಯಿತು. ಬಂದಷ್ಟು ಬರೆಯುತ್ತೇನೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಾಗಿನ ಮಾತು. ಒಂಟಿಕೊಪ್ಪಲಿನಲ್ಲಿ ನಮ್ಮದು ಹಾಲಿನ ಮನೆ. ನಮ್ಮ ಮಾವ ಊರಿನ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟು ಹಸುಗಳನ್ನು ಹೊಡೆದುಕೊಂಡು ಮೈಸೂರಿಗೆ ಬಂದವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಗೋಡೆಯ ಮೇಲಿನ ಪಟವಾಗಿದ್ದರು. ಕಾರುಬಾರೆಲ್ಲ ಅತ್ತೆಯದು. ಹಿತ್ತಲಲ್ಲಿ ಕೊಟ್ಟಿಗೆ, ಅದರ ಪಕ್ಕ ಬಾವಿ, ಬಾವಿಯಾಚೆ ಮೋಟು ಗೋಡೆ. ಗೋಡೆಯಾಚೆ ಒಂದು ವಠಾರ. ಹಾಲು ಕರೆಯುವುದು ನಾನು ಮತ್ತು ನನ್ನ ಗಂಡ. ಸೈಕಲ್ಲಿಗೆ ಕ್ಯಾನು ತೂಗುಹಾಕಿಕೊಂಡು ಮನೆಮನೆಗೆ ಹಾಕಿ ಬರುವುದು ಗಂಡ. ಪಾತ್ರೆ ಬೆಳಗುವುದು, ಸಗಣಿ ಬಾಚುವುದು, ಮೊಸರು ಕಡೆಯುವುದು, ಬೆಣ್ಣೆ ತೆಗೆಯುವುದು, ಅಡಿಗೆ, ಇವೆಲ್ಲ ನನ್ನ ಪಾಲು. ನನ್ನ ಹೆಸರು ಸಾಕಮ್ಮ. ಹೆಣ್ಣು ಹುಟ್ಟಿದ್ದು ಸಾಕು ಎಂದು ಅಪ್ಪ ಇಟ್ಟ ಹೆಸರು. ಅತ್ತೆಯ ಬಾಯಲ್ಲಿ ಸಾಕಿ.

ಹಾಲಿನ ಮನೆಗಳಲ್ಲಿ ನೀರಿನ ಮಾತು ಯಾವಾಗಲೂ ಇದ್ದದ್ದೇ. ನಮ್ಮತ್ತೆ ಆ ವಿಷಯದಲ್ಲಿ ಬೆಂಕಿ. ಮಾರುವ ಹಾಲಿಗೆ ನೀರು ಬೆರೆಸಿದವನು ಏಳು ಜನ್ಮ ಎಮ್ಮೆಯಾಗಿ ಹುಟ್ಟುತ್ತಾನೆ ಎನ್ನುತ್ತಿದ್ದಳು. ಆದರೆ ಕ್ಯಾನು ಹೊಸ್ತಿಲು ದಾಟುವ ಮುಂಚೆ ಅದಕ್ಕೆ ಒಂದು ಬೊಗಸೆ ಬಾವಿ ನೀರು ಬೀಳಲೇಬೇಕು. ಅದು ಅಳತೆ ಹೆಚ್ಚಿಸಲು ಹಾಕುವ ನೀರಲ್ಲ. ಹಾಲನ್ನು ಬರಿದಾಗಿ ಹೊರಗೆ ಕಳಿಸಿದರೆ ಹಸುವಿನ ಕೆಚ್ಚಲಿಗೆ ದೃಷ್ಟಿಯಾಗುತ್ತದೆ, ಹಾಲು ಬತ್ತುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಆಗ ತಾನೇ ಸೇದಿದ ನೀರು, ಸೊಸೆಯ ಕೈಯಿಂದ, ಕಣ್ಣು ಮುಚ್ಚಿಕೊಂಡು. ಆ ಬೊಗಸೆ ನನ್ನದಾಗಿತ್ತು. "ಸಾಕಿ ಕೈಗುಣ ಒಳ್ಳೇದು ಕಣವ್ವ, ಅವ್ಳು ಬಂದ್ಮೇಲೆ ಒಂದ್ ಹಸಾನೂ ಬತ್ತಿಲ್ಲ" ಎಂದು ಅತ್ತೆ ಬೀದಿಯವರ ಮುಂದೆ ಹೇಳುತ್ತಿದ್ದಳು. ಆ ಮನೆಯಲ್ಲಿ ನನಗೆ ಸಿಕ್ಕಿದ ಹೊಗಳಿಕೆ ಅಷ್ಟೇ.

ಇನ್ನೊಂದು ಹೆಸರು ಬೇಸಿಗೆಯಲ್ಲಿ ಬರುತ್ತಿತ್ತು. ಮಧ್ಯಾಹ್ನ ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆಗೆ ಬಾವಿಯ ತಣ್ಣೀರು ಸುರಿದು, ಹಸಿಶುಂಠಿ, ಉಪ್ಪು, ಕರಿಬೇವು ಜಜ್ಜಿ ಹಾಕಿ ಜಗಲಿಗೆ ತಂದಿಟ್ಟರೆ ಬೀದಿಯ ಮಕ್ಕಳೆಲ್ಲ ಲೋಟ ಹಿಡಿದು ಬರುತ್ತಿದ್ದರು. ಸಾಕಮ್ಮನ ಮಜ್ಜಿಗೆ ಎಂದರೆ ಯಾದವಗಿರಿಯವರೆಗೂ ಗೊತ್ತಿತ್ತು. ಪಕ್ಕದ ಮನೆ ರಾಜಮ್ಮನ ಮಗಳು ವನಜ, ಮುಂದಿನ ಹಲ್ಲು ಬಿದ್ದ ಹುಡುಗಿ, ಮೊದಲ ಲೋಟ ತನ್ನದೇ ಎಂದು ಎಲ್ಲರನ್ನೂ ತಳ್ಳಿ ಬಂದು ನಿಲ್ಲುತ್ತಿದ್ದಳು.

ಹೀಗಿರುವಾಗ ನನ್ನ ಮೈದುನ ನಂಜುಂಡನಿಗೆ ಮದುವೆಯಾಯಿತು. ಅವನಿಗೆ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತಿಕೆ. ಹೆಣ್ಣು ಲೀಲಾ, ಕೃಷ್ಣಮೂರ್ತಿಪುರದ ಮೇಷ್ಟರ ಮಗಳು, ಹೈಸ್ಕೂಲು ಮುಗಿಸಿದವಳು. ಬಿಳಿಚಿಕೊಂಡ ಮುಖ, ಕಡ್ಡಿಯಂಥ ಕೈ. ಜಡೆಯೋ, ಇಲಿಯ ಬಾಲ. ಆಗ ನನ್ನ ಜಡೆ ಮಂಡಿ ಮುಟ್ಟುತ್ತಿತ್ತು, ಕೈಯೊಳಗೆ ಹಿಡಿದರೆ ತುಂಬಿ ಉಳಿಯುತ್ತಿತ್ತು. ಮದುವೆಯ ದಿನ ಅವಳ ಕೂದಲಿಗೆ ಹೂವು ನಿಲ್ಲಿಸಲು ಪಟ್ಟ ಪಾಡು ನೋಡಿ ನನಗೆ ಸಮಾಧಾನವಾಗಿತ್ತು.

ಆ ಸಮಾಧಾನ ಹದಿನೈದು ದಿನವೂ ಬಾಳಲಿಲ್ಲ. ಲೀಲಾಳಿಗೆ ತಲೆನೋವು ಬಂತು.

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ತಲೆನೋವು ಎನ್ನುವುದನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಲೀಲಾ ಬಂದ ಮೇಲೆ ಅದಕ್ಕೆ ಒಂದು ಕೋಣೆಯಾಯಿತು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ಅತ್ತೆಯೇ ಒಣಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದಳು, ನನ್ನ ಬಾಣಂತನದಲ್ಲೂ ತೇಯದ ಶುಂಠಿ. ನಂಜುಂಡ ಆಫೀಸಿನಿಂದ ಬರುವಾಗ ಮುಲಾಮಿನ ಡಬ್ಬಿ ತಂದ. ತಿಂಗಳಿಗೆ ಒಂದು ಸಲ, ಕೆಲವು ಸಲ ಎರಡು ಸಲ ಅವಳು ಅರ್ಧ ತಲೆ ಹಿಡಿದುಕೊಂಡು ಮಲಗುವಳು. ನಾನು ಕೊಟ್ಟಿಗೆಯಲ್ಲಿ ಬಕೆಟ್ಟು ಇಟ್ಟ ಸದ್ದಾದರೆ ಅತ್ತೆ ಒಳಗಿನಿಂದಲೇ, "ಮೆಲ್ಗೆ ಕಣಮ್ಮಿ, ಆ ಮಗೀಗೆ ತಲೆ ಸಿಡೀತದೆ" ಎನ್ನುವಳು. ಬಕೆಟ್ಟನ್ನು ಮೆಲ್ಲಗೆ ಇಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ನನಗಂತೂ ಹುಟ್ಟಿದಾಗಿನಿಂದ ತಲೆನೋವು ಬಂದಿರಲಿಲ್ಲ. ಸೊಂಟ ನೋವು ಬಂದಿತ್ತು, ಕೈ ಒಡೆದು ರಕ್ತ ಬಂದಿತ್ತು. ಹಸು ಒದ್ದು ಕಾಲು ಊದಿಕೊಂಡಿತ್ತು. ಅವು ಯಾವುವೂ ಮಲಗಿಸುವ ನೋವುಗಳಲ್ಲ. ಆ ಮನೆಯಲ್ಲಿ ಹಗಲು ಹೊತ್ತು ಬೆನ್ನು ನೆಲಕ್ಕೆ ಕೊಡಬೇಕಾದರೆ ತಲೆಯೇ ನೋಯಬೇಕಾಗಿತ್ತು. ಅವಳ ಸೀರೆ, ಅವಳ ಓದು, ಅವಳ ಗಂಡನ ಇಸ್ತ್ರಿ ಷರ್ಟು, ಇವುಗಳ ಮೇಲೆ ನನಗೆ ಕಣ್ಣಿರಲಿಲ್ಲ. ಆ ಕತ್ತಲೆ ಕೋಣೆಯ ಮೇಲಿತ್ತು.

ಒಂದು ದಿನ ಅಕ್ಕಿ ಆರಿಸುತ್ತ ಕೇಳಿಯೇಬಿಟ್ಟೆ. "ನಿಜವಾಗ್ಲೂ ನೋಯುತ್ತಾ, ಇಲ್ಲಾ ಮಲಗೋಕೆ ನೆಪಾನಾ?"

ಅವಳು ಸಿಟ್ಟಾಗಲಿಲ್ಲ. "ನೆಪ ಆಗಿದ್ರೆ ನೀವು ಮಾಡೋ ಒಬ್ಬಟ್ಟಿನ ದಿನ ಮಲಗ್ತಿದ್ನಾ ಅಕ್ಕ? ಹೋದ ಹಬ್ಬದಲ್ಲಿ ಒಂದು ಚೂರೂ ತಿನ್ನಲಿಲ್ಲ" ಎಂದಳು. ಆಮೇಲೆ ಮೇಷ್ಟರ ಮಗಳ ಬುದ್ಧಿ ತೋರಿಸಿದಳು. ತಲೆನೋವಿನಲ್ಲಿ ಬೇರೆ ಬೇರೆ ಬಗೆ ಇದೆಯಂತೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಬರುವುದು ಒಂದು. ಹೊಗೆಯೊಳಗೆ ಕೂತರೆ, ನಿದ್ದೆಗೆಟ್ಟರೆ, ಬಿಸಿಲಿನಲ್ಲಿ ನೀರು ಕುಡಿಯದೆ ಅಲೆದರೆ, ಕಣ್ಣಿನ ದೃಷ್ಟಿ ಮಂಜಾದರೆ, ಜಡೆ ಬಿಗಿಯಾಗಿ ಎಳೆದು ಕಟ್ಟಿದರೂ ಬರುತ್ತದಂತೆ. ತನ್ನದು ಅರೆತಲೆಯದು, ಅವರಮ್ಮನಿಗೂ ಇತ್ತಂತೆ.

"ತಲೆನೋವಿಗೂ ಕುಲಗೋತ್ರ ಐತೇನಮ್ಮ? ಇನ್ನು ಹೆಣ್ಣು ಕೇಳೋಕೆ ಹೋಗೋದೊಂದು ಬಾಕಿ" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹೊಗೆ, ಹಸಿವು, ನಿದ್ದೆಗೇಡು, ಬಿಸಿಲು, ಬಿಗಿ ಜಡೆ, ಅವಳು ಹೇಳಿದ್ದೆಲ್ಲ ಇದ್ದದ್ದು ನನಗೆ. ತಲೆನೋವು ಮಾತ್ರ ಅವಳಿಗೆ. ಇದು ಯಾವ ನ್ಯಾಯ?

ಇನ್ನೊಂದು ಚಾಳಿಯಿತ್ತು ಅವಳಿಗೆ. ತಣ್ಣೀರು ಮುಟ್ಟುತ್ತಿರಲಿಲ್ಲ. ತನ್ನ ಪಾಲಿನ ನೀರನ್ನು ಜೀರಿಗೆ ಹಾಕಿ ಮರಳಿಸಿ, ಮುಚ್ಚಿಟ್ಟುಕೊಂಡು ಕುಡಿಯುವಳು. ನನ್ನ ಮಜ್ಜಿಗೆಯನ್ನೂ ಬೇಡವೆನ್ನುವಳು. ಊರೆಲ್ಲ ಸಾಲುಗಟ್ಟಿ ಕುಡಿಯುವ ಮಜ್ಜಿಗೆ ಮನೆಯವಳಿಗೇ ಬೇಡ. ಇದನ್ನು ನಾನು ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡೆ.

ಆ ವರ್ಷ ಬೇಸಿಗೆ ಬಿರುಸಾಗಿತ್ತು. ಬಾವಿಯ ನೀರು ತಳಕ್ಕಿಳಿದು, ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ಸೇದಬೇಕಾಯಿತು. ಆಮೇಲೆ ಒಂದು ಸಂಜೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಎದ್ದು, ಗಾಳಿ ಹೊಡೆದು, ಕೊಟ್ಟಿಗೆಯ ಹೆಂಚು ಹಾರಿಹೋಗುವ ಹಾಗೆ ಮಳೆ ಬಂತು. ಹಿತ್ತಲೆಲ್ಲ ಮಂಡಿಯುದ್ದ ನೀರು. ಬೆಳಿಗ್ಗೆ ನೋಡಿದರೆ ಬಾವಿಯಲ್ಲಿ ನೀರು ಮೇಲೆ ಬಂದಿತ್ತು. ಕೊಂಚ ಕದಡಿದ ಬಣ್ಣ. ಮಣ್ಣು, ತಳಕ್ಕೆ ಕೂರುತ್ತದೆ ಬಿಡು ಎಂದು ಅತ್ತೆ ಗಂಗೆಗೆ ಅರಿಶಿನ ಕುಂಕುಮ ಬಿಟ್ಟಳು. ಗೋಡೆಯಾಚೆಯ ವಠಾರದವರು ಆ ಬೇಸಿಗೆಯಲ್ಲೇ ಕಕ್ಕಸಿಗೆ ಹೊಸ ಗುಂಡಿ ತೋಡಿಸಿದ್ದರು. ಅದರ ಕಡೆ ನಮ್ಮ ಯಾರ ಮನಸ್ಸೂ ಹೋಗಲಿಲ್ಲ. ಮಳೆ ಬಂದು ಧಗೆ ಹೆಚ್ಚಾಗಿತ್ತು, ಮಜ್ಜಿಗೆಗೆ ಬರುವ ಮಕ್ಕಳೂ ಹೆಚ್ಚಾದರು. ಕುಡಿಸಿದೆ, ನಾನೂ ಕುಡಿದೆ.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕರೆಯುತ್ತಿದ್ದೆ. ಹಣೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗಾಯಿತು. ಏನೆಂದು ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ನನಗೂ ಬಂದಿತ್ತು.

ಒಳಗೆ ಹೋಗಿ, "ಅತ್ತೆ, ತಲೆ ನೋಯ್ತದೆ" ಎಂದೆ.

ಅತ್ತೆ ಕಾಫಿಯ ಲೋಟ ಕೆಳಗಿಟ್ಟು ನೋಡಿದಳು. "ಯಾರ್ಗೆ? ನಿಂಗಾ? ನಿನ್ ತಲೇಲಿ ನೋಯೋ ಅಂತದ್ದು ಏನಮ್ಮಿ ಅದೆ? ಓಗು, ಕ್ಯಾನ್ಗೆ ನೀರಾಕು, ಒತ್ತಾಯ್ತು."

ಬೊಗಸೆ ನೀರು ಹಾಕಿ ಬಂದೆ. ಮರುದಿನವೂ ನೋವಿತ್ತು. ಅದರ ಮರುದಿನ ಸಂಜೆ ಮೈ ಬೆಚ್ಚಗಾಯಿತು, ಬೆಳಿಗ್ಗೆ ಇಳಿಯಿತು, ಸಂಜೆ ಮತ್ತೆ ಏರಿತು. ಊಟ ಸೇರಲಿಲ್ಲ. ಕೊನೆಗೊಂದು ದಿನ ಪಾತ್ರೆ ಬೆಳಗುತ್ತಿದ್ದವಳು ಅಲ್ಲೇ ಕಲ್ಲಿಗೆ ಒರಗಿಬಿಟ್ಟೆ. ಗಂಡ ಕೈ ಹಿಡಿದೆಬ್ಬಿಸಿ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದರು. ಸಂಜೆ ಹಾಲು ಹಾಕಿ ಬರುವಾಗ ಮುಲಾಮಿನ ಡಬ್ಬಿ ತಂದುಕೊಟ್ಟರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನಗೆಂದು ಅಂಗಡಿಯಲ್ಲಿ ಕೇಳಿ ತಂದ ಮೊದಲ ವಸ್ತು ಅದು. ಹಚ್ಚಿಕೊಂಡರೆ ಖರ್ಚಾಗುತ್ತದೆ ಎಂದು ಮುಚ್ಚಳ ತೆಗೆದು ಮೂಸಿ ದಿಂಬಿನ ಕೆಳಗೆ ಇಟ್ಟುಕೊಂಡೆ. ತಲೆ ಒಡೆದು ಹೋಗುತ್ತಿತ್ತು, ಮನಸ್ಸು ಹಗುರವಾಗಿತ್ತು. ಹೊರಗೆ ಬಕೆಟ್ಟಿನ ಸದ್ದಾಯಿತು. ಆವತ್ತು ಕೊಟ್ಟಿಗೆಯಲ್ಲಿದ್ದವಳು ಲೀಲಾ.

ಆ ಸುಖವನ್ನೂ ಅವಳು ಉಳಿಸಲಿಲ್ಲ. ಕೆಲಸ ಮುಗಿಸಿ ಒಳಗೆ ಬಂದವಳು ಕಿಟಕಿಯ ಕಂಬಳಿ ಎತ್ತಿದಳು. "ಬೆಳಕು ಚುಚ್ಚುತ್ತಾ ಅಕ್ಕ?"

"ಇಲ್ಲ."

"ಅರ್ಧ ತಲೆಯೋ, ಪೂರ್ತಿಯೋ?"

"ಪೂರ್ತಿ. ನಿನ್ನಂಗೆ ಅರ್ಧಂಬರ್ಧ ಅಲ್ಲ."

ಬೆರಳಿನ ಹಿಂಬದಿಯನ್ನು ಕತ್ತಿನ ಪಕ್ಕಕ್ಕೆ ಒತ್ತಿ ನೋಡಿದಳು. "ನಾಲಿಗೆ ಚಾಚಿ" ಎಂದಳು. ಚಾಚಿದೆ. ಮಧ್ಯದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ, ಅಂಚು ಕೆಂಪು ಎಂದು ಆಮೇಲೆ ಡಾಕ್ಟರಿಗೆ ಹೇಳುತ್ತಿದ್ದಳು. ಆಗ ನನಗೇನೂ ಹೇಳಲಿಲ್ಲ. ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತು. ಹೊರಗೆ ಹೋಗಿ ನನ್ನ ಗಂಡನಿಗೆ, "ಭಾವ, ಇದು ಮುಲಾಮಿಗೆ ಹೋಗೋ ತಲೆನೋವಲ್ಲ. ಈಗಲೇ ಡಾಕ್ಟರನ್ನ ಕರ್ಕೊಂಡು ಬನ್ನಿ" ಎಂದಳು.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಕೂರಲು ಶಕ್ತಿಯಿದ್ದಿದ್ದರೆ ಡಬ್ಬಿಯಲ್ಲೇ ಹೊಡೆಯುತ್ತಿದ್ದೆ. ಅವಳದು ಮಾತ್ರ ತಲೆನೋವು, ನನ್ನದು ತಲೆನೋವೇ ಅಲ್ಲವಂತೆ.

ಡಾಕ್ಟರು ಬಂದರು, ರಕ್ತ ತೆಗೆದುಕೊಂಡು ಹೋದರು, ಮತ್ತೆ ಬಂದರು. ಟೈಫಾಯ್ಡು ಎಂದರು. ತಲೆನೋವು ಅದರ ಮುಂಗಾಲು ಅಷ್ಟೇ, ಮೈಯೆಲ್ಲ ಹಿಂದೆ ಬರುತ್ತಿದೆ, ಇನ್ನು ಕೆಲವು ದಿನ ಬಿಟ್ಟಿದ್ದರೆ ಕರುಳು ತೂತಾಗುತ್ತಿತ್ತು ಎಂದರು. ಹೊಸದಾಗಿ ಬಂದಿದ್ದ ಮಾತ್ರೆ ಕೊಟ್ಟರು. ಇದು ಕಣ್ಣಿಗೆ ಕಾಣದ ಕ್ರಿಮಿ, ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುತ್ತದೆ, ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ಅತ್ತೆ, "ಗಂಗವ್ವನಂತಾ ಬಾವಿ ಸ್ವಾಮಿ ನಮ್ದು" ಎಂದಳು. ಲೀಲಾ ಡಾಕ್ಟರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿ, ಗೋಡೆ, ಗೋಡೆಯಾಚೆಯ ಗುಂಡಿ ತೋರಿಸಿದಳು. ವಠಾರದಲ್ಲಿ ಒಬ್ಬ ಹುಡುಗ ಜ್ವರದಲ್ಲಿ ತಿಂಗಳಿನಿಂದ ಮಲಗಿದ್ದಾನೆ ಎಂಬುದೂ ಆವತ್ತೇ ಹೊರಬಿತ್ತು.

ಡಾಕ್ಟರು ಹೋದ ಮೇಲೆ ನಡುಮನೆಯಲ್ಲಿ ಜಗಳ ಹತ್ತಿತು. ನಾನು ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡೆ.

"ಕ್ಯಾನಿಗೆ ಬೊಗಸೆ ನೀರು ಹಾಕೋದು ಇವತ್ತಿಂದ ಬೇಡ ಅತ್ತೆ" ಎಂದಳು ಲೀಲಾ. "ಹಾಲು ಹಾಕೋ ಮನೆಗಳಿಗೆಲ್ಲ ಹೇಳ್ಬೇಕು. ಹಾಲನ್ನ ಕಾಯಿಸ್ಕೋತಾರೆ ಸರಿ. ಮಜ್ಜಿಗೆ ಯಾರು ಕಾಯಿಸ್ತಾರೆ? ಬೀದಿ ಮಕ್ಕಳೆಲ್ಲ ಕುಡಿದಿವೆ."

"ಬಾಯ್ ಮುಚ್ಕೊಂಡಿರು" ಎಂದಳು ಅತ್ತೆ. "ಒರ್ಗಡೆ ಉಸ್ರು ಬುಟ್ಟೆ ಅಂದ್ರೆ ನಾಳಿಂದ ನಮ್ಮಾಲು ಚರಂಡಿಗೆ. ಹಾಲ್ನೋರ ಮನೇಲಿ ಕಾಯ್ಲೆ ಅಂದ್ರೆ ಯಾವೋಳು ಪಾತ್ರೆ ಒಡ್ತಾಳೆ? ಸಾಕೀಗೆ ದೃಷ್ಟಿ ಆಗದೆ, ಅಷ್ಟೆಯ. ಸಂಜೀಕೆ ಮೆಣಸಿನ್ಕಾಯಿ ನಿವಾಳಿಸಾಕ್ತೀನಿ."

"ದೃಷ್ಟಿ ಅಲ್ಲ, ಕ್ರಿಮಿ ಅಂದ್ರಲ್ಲ ಡಾಕ್ಟ್ರು."

"ದೃಷ್ಟೀನೂ ಕಣ್ಗೆ ಕಾಣಾಕಿಲ್ಲ, ನಿನ್ ಕ್ರಿಮೀನೂ ಕಾಣಾಕಿಲ್ಲ. ಕಾಣ್ದೇ ಇರೋದ್ನೇ ನಂಬೋದಾದ್ರೆ ನಮ್ಮವ್ವ ಯೇಳ್ಕೊಟ್ಟಿದ್ದನ್ನೇ ನಂಬ್ತೀನಿ, ನಿಮ್ಮಪ್ಪ ಯೇಳ್ಕೊಟ್ಟಿದ್ಯಾಕೆ?"

"ದೃಷ್ಟಿಗೆ ಮೆಣಸಿನಕಾಯಿ ಸುಡಿ ಅತ್ತೆ, ನಾನು ಬೇಡ ಅನ್ನಲ್ಲ. ಅದೇ ಒಲೆ ಮೇಲೆ ಕ್ರಿಮಿಗೆ ನೀರು ಮರಳಿಸೋಣ. ಒಂದೇ ಸೌದೇಲಿ ಎರಡೂ ಸಾಯಲಿ" ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು. "ನಮ್ಮಣ್ಣನಿಗೂ ತಲೆನೋವು ಅಂತಲೇ ಶುರುವಾಗಿದ್ದು. ಬಿಸಿಲು ಹೊಡೆದಿದೆ ಅಂತ ಎಂಟು ದಿನ ಗಂಧ ಹಚ್ಚಿಕೊಂಡು ಕೂತಿದ್ವಿ. ಆಗ ಈ ಮಾತ್ರೇನೂ ಇರಲಿಲ್ಲ. ಇದ್ದಿದ್ರೂ ನಾವು ಕರೆಸಿದಾಗ ಹೊತ್ತು ಮೀರಿತ್ತು."

ಅಣ್ಣನೊಬ್ಬನಿದ್ದ ಎಂದು ಅವಳು ಯಾವತ್ತೂ ಹೇಳಿರಲಿಲ್ಲ. ಜೀರಿಗೆ ನೀರು ಯಾಕೆಂದು ಆಗ ತಿಳಿಯಿತು.

"ಪಕ್ಕದ ಮನೆ ವನಜಂಗೆ ನಿನ್ನೆಯಿಂದ ತಲೆನೋವಂತೆ. ರಾಜಮ್ಮ ಬಿಸಿಲಿಗೆ ಅಂತ ಲಾವಂಚದ ನೀರು ತಟ್ತಾ ಕೂತಿದ್ದಾರೆ" ಎಂದಳು ಲೀಲಾ. "ನಾನು ಹೇಳಿ ಬರ್ತೀನಿ."

ಆಗ ನಾನು ಮಲಗಿದಲ್ಲಿಂದಲೇ ಕೂಗಿದೆ. ಕೂಗಿದೆ ಅಂದುಕೊಂಡೆ, ಹೊರಬಿದ್ದದ್ದು ಪಿಸುಮಾತು. "ಹೋಗಬೇಡ ಲೀಲಾ. ನನ್ನ ಮಜ್ಜಿಗೆ ಹೆಸರು ಕೆಡಿಸಬೇಡ."

ಅವಳು ಬಾಗಿಲಿಗೆ ಬಂದು ನಿಂತಳು. ಒಂದು ಕಣ್ಣು ಅರ್ಧ ಮುಚ್ಚಿತ್ತು, ಆ ಕಡೆಯ ಹಣೆಯ ನರ ಎದ್ದಿತ್ತು. ಅವಳಿಗೆ ತಲೆನೋವು ಬಂದಾಗ ಮುಖ ಹಾಗಾಗುವುದನ್ನು ನಾನು ಎಷ್ಟು ಸಲ ನೋಡಿಲ್ಲ. ಅದು ನಟನೆಯಲ್ಲ ಎಂದು ಆವತ್ತು ಒಪ್ಪಿಕೊಂಡೆ. ಕೋಣೆಯಲ್ಲಿ ನಾನು ಮಲಗಿದ್ದೆ, ಅವಳಿಗೆ ಮಲಗಲು ಜಾಗವಿರಲಿಲ್ಲ.

"ಹೆಸರು ಆಮೇಲೆ ಸರಿ ಮಾಡ್ಕೊಳ್ಳೋಣ ಅಕ್ಕ" ಎಂದಳು. ಒದ್ದೆ ಬಟ್ಟೆಯನ್ನು ಹಣೆಗೆ ಬಿಗಿದುಕೊಂಡು, ಅದರ ಮೇಲೆ ಸೆರಗು ಹೊದ್ದು, ಸುಡು ಮಧ್ಯಾಹ್ನದಲ್ಲಿ ಇಳಿದು ಹೋದಳು. ಕಿಟಕಿಯ ಕಂಬಳಿ ಅವಳೇ ಎತ್ತಿದ್ದಳಲ್ಲ, ಹಾಗಾಗಿ ಕಾಣಿಸಿತು. ಮೊದಲು ರಾಜಮ್ಮನ ಮನೆ. ಆಮೇಲೆ ಎದುರು ಸಾಲು. ಆಮೇಲೆ ಮೂಲೆ ತಿರುಗಿದಳು. ಗೋಡೆ ಹಿಡಿದುಕೊಂಡು ಒಂದು ಕಡೆ ನಿಂತು ವಾಂತಿ ಮಾಡಿದಳು, ಬಾಯಿ ಒರೆಸಿಕೊಂಡು ಮತ್ತೆ ನಡೆದಳು. ಅಂಥ ಹೊತ್ತಿನಲ್ಲೂ ನನಗೆ ಅನಿಸಿದ್ದು ಇಷ್ಟೇ: ಇನ್ನು ಈ ಬೀದಿಯೆಲ್ಲ ಇವಳದು.

ಹಾಗೆಯೇ ಆಯಿತು. ಮಾರನೆಯ ದಿನ ಕ್ಯಾನು ತುಂಬಿಕೊಂಡು ಹೋದ ಗಂಡ ಹಾಗೇ ತುಂಬಿಕೊಂಡು ವಾಪಸ್ಸು ಬಂದರು. ಹಾಲನ್ನು ಹೆಪ್ಪು ಹಾಕಿ ಬೆಣ್ಣೆ ತೆಗೆದು ತುಪ್ಪ ಕಾಯಿಸಿದರು. ಅತ್ತೆ ಲೀಲಾಳ ಜೊತೆ ಮಾತು ಬಿಟ್ಟಳು. ನಂಜುಂಡನೂ ಹೆಂಡತಿಯ ಪರ ನಿಲ್ಲಲಿಲ್ಲ, ಪೇಪರಿನೊಳಗೆ ಮುಖವಿಟ್ಟುಕೊಂಡ. ಅವಳು ಯಾರ ಮುಖವನ್ನೂ ನೋಡದೆ ಹಂಡೆಯಲ್ಲಿ ನೀರು ಮರಳಿಸಿದಳು. ನನಗೆ ಗಂಜಿ ಕುಡಿಸಿದಳು, ನನ್ನ ಬಟ್ಟೆಯನ್ನು ಬೇರೆ ಕುದಿಸಿ ಒಗೆದಳು. ನಾನು ಗಂಜಿಯನ್ನು ನುಂಗಿ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ವನಜಳಿಗೂ ಟೈಫಾಯ್ಡೇ. ಇನ್ನಿಬ್ಬರು ಮಕ್ಕಳಿಗೂ ಬಂತು, ಬೇಗ ತಿಳಿದಿದ್ದರಿಂದ ಹಗುರವಾಗಿ ಹೋಯಿತು. ಒಂದೇ ಲೋಟದಲ್ಲಿ ಕುಡಿದ ಉಳಿದವರಿಗೆ ಏನೂ ಆಗಲಿಲ್ಲ. ಯಾಕೆಂದು ಕೇಳಿದರೆ, ಒಂದೇ ನೀರು ಕುಡಿದರೂ ಕೆಲವರ ಮೈ ಸೋಲುತ್ತದೆ, ಕೆಲವರದು ಗೆಲ್ಲುತ್ತದೆ ಎಂದರು ಡಾಕ್ಟರು. ವನಜ ಎದ್ದು ಕೂತ ದಿನ ರಾಜಮ್ಮ ನಮ್ಮ ಮನೆಗೆ ಬಂದರು. ಬೈಯಲು ಬಂದಿದ್ದಾರೆಂದು ಅತ್ತೆ ಜಗಲಿಯ ಕಂಬ ಹಿಡಿದು ಸಜ್ಜಾಗಿ ನಿಂತಳು. ರಾಜಮ್ಮ, "ಬಾಯಿ ಮುಚ್ಕೊಂಡು ಇರಬಹುದಾಗಿತ್ತು ನೀವು. ಇರಲಿಲ್ಲವಲ್ಲ" ಎಂದು ಅತ್ತೆಯ ಕೈಯನ್ನೇ ಹಿಡಿದುಕೊಂಡರು. ಅತ್ತೆ ಒಂದು ಗಳಿಗೆ ತಬ್ಬಿಬ್ಬಾಗಿ, "ನಮ್ ಸೊಸೆ ಕಣ್ರವ್ವ, ನಮ್ ಸೊಸೇನೇ ಯೇಳಿದ್ದು" ಎಂದಳು. ಯಾವ ಸೊಸೆ ಎಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಆವತ್ತು ಸಂಜೆ ಅತ್ತೆಯೇ ಹಲಗೆ ತಂದು ಬಾವಿಯ ಬಾಯಿ ಮುಚ್ಚಿದಳು. ಬೀದಿಯ ನಲ್ಲಿಯಿಂದ ನೀರು ಬಂತು. ವಠಾರದವರ ಗುಂಡಿಯನ್ನು ದೂರಕ್ಕೆ ತೆಗೆಸಿದರು. ಕೆಲವು ಮನೆಗಳು ಹಾಲಿಗೆ ವಾಪಸ್ಸು ಬಂದವು, ಕೆಲವು ಬರಲೇ ಇಲ್ಲ.

ಜ್ವರ ಬಿಟ್ಟ ಮೇಲೆ ನನ್ನ ತಲೆಗೂದಲು ಉದುರಲು ಶುರುವಾಯಿತು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರುತ್ತಿತ್ತು. ಕೊನೆಗೆ ಉಳಿದದ್ದು ಲೀಲಾಳ ಜಡೆಗಿಂತ ತೆಳುವಾದ ಎಳೆ. ಅದನ್ನು ಬಾಚಿ ಕಟ್ಟಿದವಳೂ ಅವಳೇ. "ಮತ್ತೆ ಬರುತ್ತೆ ಅಕ್ಕ" ಎಂದಳು. ಬಂತು, ಮೊದಲಿನಷ್ಟು ಬರಲಿಲ್ಲ.

ಹಾಲು ಮತ್ತೆ ಹೊರಡುವ ಮೊದಲ ಬೆಳಿಗ್ಗೆ ಕ್ಯಾನು ಹೊಸ್ತಿಲ ಬಳಿ ನಿಂತಿತ್ತು. ಬೊಗಸೆ ನೀರಿಲ್ಲದೆ ಕಳಿಸಲು ಅತ್ತೆಯ ಜೀವ ಒಪ್ಪಲಿಲ್ಲ. ಕಾಯಿಸಿ ಆರಿಸಿದ ನೀರಾದರೂ ಸರಿ, ಒಂದು ಹನಿ ಬೀಳಲೇಬೇಕು ಎಂದಳು. ನಾನು ಗೋಡೆ ಹಿಡಿದುಕೊಂಡು ಎದ್ದು ಬಂದೆ. ಅದು ನನ್ನ ಕೆಲಸ. ಅತ್ತೆ ನನ್ನನ್ನು ನೋಡಿ, ಲೀಲಾಳನ್ನು ನೋಡಿ, "ನೀನಾಕು ಲೀಲಾ" ಎಂದಳು. ಡಾಕ್ಟರೂ ಹೇಳಿದ್ದರು, ಜ್ವರ ಹೋದರೂ ಕ್ರಿಮಿ ಕೆಲವು ಕಾಲ ಒಳಗೇ ಇರಬಹುದು, ನಾನು ಹಾಲು ಮುಟ್ಟಬಾರದೆಂದು. ನ್ಯಾಯವೇ. ನ್ಯಾಯವಾದ ಮಾತು ಕೇಳಿದರೆ ಹೊಟ್ಟೆ ಉರಿಯಬಾರದು ಎಂದು ಎಲ್ಲೂ ಇಲ್ಲ. ಲೀಲಾ ಸೌಟಿನಲ್ಲಿ ನೀರು ತೆಗೆದು ಹಾಕಿದಳು. ಕಣ್ಣು ಮುಚ್ಚಲಿಲ್ಲ. ನಾನು ಒಳಗೆ ಬಂದು ಅತ್ತುಬಿಟ್ಟೆ. ಕಾಯಿಲೆಯುದ್ದಕ್ಕೂ ಅತ್ತಿರಲಿಲ್ಲ.

ಮಳೆಗಾಲವೆಲ್ಲ ಆ ಕೆಲಸ ಅವಳದಾಯಿತು. ಡಾಕ್ಟರು ಪರೀಕ್ಷೆ ಮಾಡಿ ಇನ್ನು ಪರವಾಗಿಲ್ಲ ಎಂದ ಮರುದಿನ ಬೆಳಿಗ್ಗೆ ಲೀಲಾ ಒಂದು ಬೇಸಿನ್ನು, ಸೋಪು, ಬಿಸಿನೀರಿನ ಚೆಂಬು ಹಿಡಿದು ಕೊಟ್ಟಿಗೆಗೆ ಬಂದಳು. "ಕೈ ಚಾಚಿ ಅಕ್ಕ" ಎಂದಳು. ನೀರು ಹೊಯ್ದಳು. ಅಂಗೈ ಅಷ್ಟೇ ಸಾಲದು, ಬೆರಳ ಸಂದಿ, ಉಗುರಿನ ಒಳಗೆ, ಮಣಿಕಟ್ಟಿನವರೆಗೆ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ನಾನು ಉಗುರು ಕಿತ್ತು ಬರುವ ಹಾಗೆ ಉಜ್ಜಿದೆ. ಆಮೇಲೆ ಅವಳು ಸೌಟನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದು ನಿಂತಳು. ನಾನು ಹಾಲಿಗೆ ನೀರು ಹಾಕಿ, "ಹೊತ್ತಾಯ್ತು, ಹೊರಡಿ" ಎಂದು ಗಂಡನಿಗೆ ಹೇಳಿದೆ.

ಮುಂದಿನ ಬೇಸಿಗೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಮಜ್ಜಿಗೆ ಮಾಡಿ ಜಗಲಿಗೆ ಇಟ್ಟೆ. ಮಕ್ಕಳು ಬಂದರು, ಮೊದಲಿನಷ್ಟು ಬರಲಿಲ್ಲ. ವನಜ ಬಂದಳು, ಲೋಟ ಹಿಡಿದುಕೊಂಡು, "ಲೀಲಕ್ಕ ಕುಡಿಬೋದು ಅಂದ್ರಾ?" ಎಂದು ಕೇಳಿದಳು. ಅವಳು ದೊಡ್ಡವಳಾಗಿ ಮದುವೆಯಾದಾಗ ಲೀಲಾಳಿಗೆ ಸೀರೆ ಕೊಟ್ಟರು, ನನಗೆ ರವಿಕೆ ಕಣ. ಕಣ ಚೆನ್ನಾಗಿತ್ತು. ಹೊಲಿಸಲಿಲ್ಲ.

ಲೀಲಾಳ ತಲೆನೋವು ಅವಳು ಸಾಯುವವರೆಗೂ ಬಂದು ಹೋಗಿ ಮಾಡಿತು. ನನಗೆ ಆಮೇಲೆ ಯಾವತ್ತೂ ಬರಲಿಲ್ಲ. ಅವಳು ಕತ್ತಲೆ ಮಾಡಿಕೊಂಡು ಮಲಗಿದ ದಿನಗಳಲ್ಲಿ ಶುಂಠಿ ತೇಯ್ದವಳು ನಾನು. ಬಕೆಟ್ಟನ್ನು ಮೆಲ್ಲಗೆ ಇಡುವುದನ್ನೂ ಕಲಿತೆ. ಪ್ರೀತಿಯೋ ಮಣ್ಣೋ ಗೊತ್ತಿಲ್ಲ. ಅದು ನಿಜವಾದ ನೋವು ಎಂದು ಗೊತ್ತಾಗಿತ್ತು, ಅಷ್ಟೇ.

ಹೋದ ತಿಂಗಳು ಕುವೆಂಪುನಗರದಲ್ಲಿ ಆ ಮುಲಾಮಿನ ವಾಸನೆ ಬಂದಾಗ ಸ್ವಲ್ಪ ಹೊತ್ತು ಸೋಫಾದ ಮೇಲೆ ಗಟ್ಟಿಯಾಗಿ ಕೂತೆ. ಆಮೇಲೆ ತಡೆಯಲಾಗದೆ ರೂಮಿಗೆ ಹೋದೆ. "ಬೆಳಕು ಚುಚ್ಚುತ್ತೇನೇ?" ಎಂದೆ. "ಚುಚ್ಚುತ್ತೆ ಅಜ್ಜಿ" ಎಂದಳು ಅಶ್ವಿನಿ. ಬೆರಳಿನ ಹಿಂಬದಿಯನ್ನು ಅವಳ ಕತ್ತಿನ ಪಕ್ಕಕ್ಕೆ ಒತ್ತಿದೆ. ತಣ್ಣಗಿತ್ತು. "ನಾಲಿಗೆ ಚಾಚು." ಚಾಚಿದಳು. ಕಾಫಿಯ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. "ಬರೀ ತಲೆನೋವು. ಮಲಕ್ಕೋ. ಜ್ವರ ಗಿರ ಬಂದ್ರೆ ಮಾತ್ರ ಈ ಡಬ್ಬಿ ನೆಚ್ಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ" ಎಂದು ಪರದೆ ಸರಿಮಾಡಿ ಹೊರಗೆ ಬಂದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೊಮ್ಮಗ ನಗುತ್ತಿದ್ದ. "ಥೇಟ್ ಲೀಲಜ್ಜಿ ಥರಾನೇ ನೋಡ್ತೀಯಲ್ಲ ಅಜ್ಜಿ" ಎಂದ.

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸೋಪು ತೆಗೆದುಕೊಂಡೆ. ಅಂಗೈ, ಬೆರಳ ಸಂದಿ, ಉಗುರಿನ ಒಳಗೆ, ಮಣಿಕಟ್ಟಿನವರೆಗೆ. ಅವನು ಹಿಂದೆಯೇ ಬಂದು, "ಇಷ್ಟು ಹೊತ್ತು ಕೈ ತೊಳೆಯೋದು ಯಾರು ಕಲಿಸಿದ್ರು ನಿಂಗೆ?" ಎಂದು ಕೇಳಿದ.

"ಯಾರೂ ಕಲಿಸಲಿಲ್ಲ" ಎಂದೆ.